ವಾಟ್ ಎಷ್ಟು, ಗಟ್ಟಿತನ ಎಷ್ಟು: ಹೋಂ ಥಿಯೇಟರ್ ರಿಸೀವರ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಎರಡು 7 ಚಾನೆಲ್ (7 ಸ್ಪೀಕರ್ ಓಡಿಸುವ) ರಿಸೀವರ್‌ಗಳಲ್ಲಿ ಒಂದನ್ನು ಆರಿಸಬೇಕು. ಒಂದರ ಪೆಟ್ಟಿಗೆ ಮೇಲೆ ಚಾನೆಲ್‌ಗೆ 165 ವಾಟ್ ಎಂದಿದೆ, ಇನ್ನೊಂದರ ಮೇಲೆ 90 ವಾಟ್. ಆದರೆ 90 ವಾಟಿನದು 4 ಕಿಲೋ ಹೆಚ್ಚು ತೂಗುತ್ತದೆ. ನಿಜಕ್ಕೂ ಬಲ ಯಾವುದಕ್ಕೆ ಹೆಚ್ಚು?

ಉತ್ತರ: ಆ ಎರಡು ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವಂತಿಲ್ಲ. ಅಂಕಿಯ ಕೆಳಗೆ ಸಣ್ಣಕ್ಷರದಲ್ಲಿ ಇರುವುದನ್ನು ಓದಿ. 165ರ ಕೆಳಗೆ ಬಹುತೇಕ '6 ಓಮ್, 1 ಕಿಲೋಹರ್ಟ್ಸ್, ಶೇ 10 ಟಿಎಚ್‌ಡಿ, ಒಂದು ಚಾನೆಲ್' ಎಂದಿರುತ್ತದೆ. 90ರ ಕೆಳಗೆ '8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಶೇ 0.08 ಟಿಎಚ್‌ಡಿ, ಎರಡು ಚಾನೆಲ್' ಎಂದಿರುತ್ತದೆ. ಓಮ್ ಎಂದರೆ ಸ್ಪೀಕರ್ ಒಡ್ಡುವ ರೋಧ, ಟಿಎಚ್‌ಡಿ ಎಂದರೆ ದನಿಯಲ್ಲಿ ಸೇರುವ ವಿರೂಪ. ಎರಡನೆಯದು ಕಠಿಣ ಪರೀಕ್ಷೆ, ಮೊದಲನೆಯದು ಸಡಿಲ ಪರೀಕ್ಷೆ.

ಸಡಿಲ ಅಂಕಿಯನ್ನು ನೀವೇ ಬಿಗಿ ಮಾಡಿಕೊಳ್ಳಬಹುದು. 6 ಓಮ್‌ನಿಂದ 8 ಓಮ್‌ಗೆ ಬಂದರೆ ಅದೇ ವೋಲ್ಟೇಜಿಗೆ ಶಕ್ತಿ ಮುಕ್ಕಾಲು ಪಾಲಾಗುತ್ತದೆ: 165 ಹೋಗಿ 124. ಶೇ 10 ವಿರೂಪ ಎಂದರೆ ತರಂಗದ ತಲೆ ಚೆನ್ನಾಗಿಯೇ ಕತ್ತರಿಸಿಹೋಗಿದೆ ಎಂದರ್ಥ. ಕತ್ತರಿಕೆ ಶುರುವಾಗುವ ಹಂತಕ್ಕಿಂತ ಅಲ್ಲಿ ಸುಮಾರು ಶೇ 30 ಹೆಚ್ಚು ವಾಟ್ ತೋರುತ್ತದೆ. ಅದನ್ನು ಕಳೆದರೆ 95. ಒಂದರ ಬದಲು ಎರಡು ಚಾನೆಲ್ ಒಟ್ಟಿಗೆ ಓಡಿದರೆ ಪವರ್ ಸಪ್ಲೈ ಸ್ವಲ್ಪ ಕುಸಿಯುತ್ತದೆ, ಆಗ 80–85. ಅಲ್ಲಿಗೆ 165 ಮತ್ತು 90ರ ನಡುವಿನ ಅಂತರ ಮಾಯವಾಯಿತು, ಸ್ವಲ್ಪ ತಿರುಗುಮುರುಗೂ ಆಯಿತು. 80ಕ್ಕೂ 90ಕ್ಕೂ ವ್ಯತ್ಯಾಸ ಅರ್ಧ ಡೆಸಿಬೆಲ್. ಅದು ಕಿವಿಗೆ ಗೊತ್ತಾಗುವುದಿಲ್ಲ. ಆದರೆ ಆ 4 ಕಿಲೋ ಹೆಚ್ಚಳ ಟ್ರಾನ್ಸ್‌ಫಾರ್ಮರ್ ಮತ್ತು ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್‌ನದ್ದಾಗಿದ್ದರೆ, ಐದು ಚಾನೆಲ್ ಒಟ್ಟಿಗೆ ಅಬ್ಬರಿಸುವ ದೃಶ್ಯದಲ್ಲಿ ಭಾರದ ಯಂತ್ರವೇ ಮುಂದಿರುತ್ತದೆ. ನಮ್ಮ ಮತ ಅದಕ್ಕೇ.

'ಎರಡು ಚಾನೆಲ್' ಎಂಬ ಮಾತು ಎಲ್ಲಿಂದ ಬಂತು ಎಂದು ಕೇಳಬಹುದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಆಂಪ್ಲಿಫೈಯರ್‌ಗಳ ವಾಟ್ ಜಾಹೀರಾತಿಗೆ ನಿಯಮ ತಂದಿತು. ಅದು ಸ್ಟೀರಿಯೊ ಕಾಲ. ಎರಡೂ ಚಾನೆಲ್ ಓಡಿಸಿ ಅಳೆಯುವ ರೂಢಿ ಏಳು, ಒಂಬತ್ತು ಚಾನೆಲ್‌ಗಳ ಕಾಲಕ್ಕೂ ಹಾಗೇ ಸಾಗಿಬಂತು.

ಪ್ರಶ್ನೆ: ನನ್ನ ರಿಸೀವರ್ 7 ಚಾನೆಲ್, ತಲಾ 100 ವಾಟ್. ಆದರೆ ಹಿಂಬದಿಯ ಪಟ್ಟಿಯಲ್ಲಿ ವಿದ್ಯುತ್ ಬಳಕೆ 500 ವಾಟ್ ಎಂದಿದೆ. 500 ಒಳಗೆ ಹೋಗಿ 700 ಹೊರಗೆ ಬರುವುದು ಹೇಗೆ? ಇದು ಮೋಸವಲ್ಲವೇ?

ಉತ್ತರ: ಆ 500 ಗರಿಷ್ಠ ಬಳಕೆಯಲ್ಲ. ಸುರಕ್ಷತಾ ಮಾನದಂಡದ ಪ್ರಕಾರ ಆಡಿಯೊ ಆಂಪ್ಲಿಫೈಯರ್‌ನ ಬಳಕೆಯನ್ನು ಪೂರ್ಣ ಶಕ್ತಿಯ ಎಂಟನೇ ಒಂದು ಭಾಗದಲ್ಲಿ ಓಡಿಸಿ ಅಳೆಯುತ್ತಾರೆ, ಏಕೆಂದರೆ ನಿಜವಾದ ಸಂಗೀತದ ಸರಾಸರಿ ಅದರ ಆಸುಪಾಸಿನಲ್ಲೇ ಇರುತ್ತದೆ. ಹಾಗಾಗಿ ಆ ಪಟ್ಟಿ ನೋಡಿ ಮೋಸ ಎನ್ನಲಾಗದು, ಗಟ್ಟಿ ಎನ್ನಲೂ ಆಗದು.

ಹಾಗೆಂದು ಏಳು ಚಾನೆಲ್‌ಗೂ ಏಕಕಾಲಕ್ಕೆ ತಲಾ 100 ವಾಟ್ ಸಿಗುತ್ತದೆ ಎಂದು ತಿಳಿಯಬೇಡಿ. ಏಳೂ ಚಾನೆಲ್‌ಗೆ ಇರುವುದು ಒಂದೇ ಟ್ರಾನ್ಸ್‌ಫಾರ್ಮರ್. ರಿಸೀವರ್‌ಗಳಲ್ಲಿ ಸಾಮಾನ್ಯವಾದ ಕ್ಲಾಸ್ ಎಬಿ ಬಗೆಯ ಆಂಪ್ಲಿಫೈಯರ್ ಜೋರಾಗಿ ಓಡುವಾಗಲೂ ತೆಗೆದುಕೊಂಡದ್ದರಲ್ಲಿ ಹೆಚ್ಚೆಂದರೆ ಶೇ 60–65 ಭಾಗವನ್ನು ಸ್ಪೀಕರ್‌ಗೆ ಕೊಡುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. 700 ವಾಟ್ ಹೊರಗೆ ಬರಬೇಕಾದರೆ ಗೋಡೆಯಿಂದ ಸುಮಾರು 1,100 ವಾಟ್ ಆದರೂ ಎಳೆಯಬೇಕು. 10–12 ಕಿಲೋ ತೂಕದ ಪೆಟ್ಟಿಗೆಯ ಟ್ರಾನ್ಸ್‌ಫಾರ್ಮರ್‌ಗೆ ಅದು ಆಗದ ಕೆಲಸ. ಸಿನಿಮಾದಲ್ಲಿ ಹಾಗೆ ಕೇಳುವ ಪ್ರಸಂಗವೂ ಬರುವುದಿಲ್ಲ: ಸರಾಸರಿ ಮಟ್ಟಕ್ಕಿಂತ ಶಿಖರಗಳು 15–20 ಡೆಸಿಬೆಲ್ ಮೇಲಿರುತ್ತವೆ, ಅವು ಕ್ಷಣಮಾತ್ರದವು, ಎಲ್ಲ ಚಾನೆಲ್‌ಗೂ ಒಂದೇ ಗಳಿಗೆಯಲ್ಲಿ ಬರುವುದು ಅಪರೂಪ.

ಪ್ರಶ್ನೆ: ಹಾಗಾದರೆ ನನಗೆ ನಿಜವಾಗಿ ಎಷ್ಟು ವಾಟ್ ಬೇಕು ಎಂದು ತಿಳಿಯುವುದು ಹೇಗೆ?

ಉತ್ತರ: ಎರಡು ದಾರಿ. ಒಂದು ಲೆಕ್ಕ, ಇನ್ನೊಂದು ಮಲ್ಟಿಮೀಟರ್. ಎರಡನ್ನೂ ಮಾಡಿ ನೋಡಿ ಎಂದು ಒತ್ತಾಯದಿಂದಲೇ ಹೇಳುತ್ತೇವೆ, ಏಕೆಂದರೆ ಇದೊಂದು ಸಂಗತಿ ತಿಳಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಲೆಕ್ಕಕ್ಕೆ ಬೇಕಾದದ್ದು ಸ್ಪೀಕರ್‌ನ ಸೆನ್ಸಿಟಿವಿಟಿ. 87 ಡೆಸಿಬೆಲ್ ಎಂದಿದ್ದರೆ 8 ಓಮ್‌ನಲ್ಲಿ 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ 87 ಡೆಸಿಬೆಲ್ ಎಂದರ್ಥ. ನೀವು 3 ಮೀಟರ್ ದೂರ ಕೂರುತ್ತೀರಿ ಎನ್ನೋಣ. ಬಯಲಿನಲ್ಲಾದರೆ ಸುಮಾರು 9.5 ಡೆಸಿಬೆಲ್ ಇಳಿಯುತ್ತದೆ, ಕೋಣೆಯಲ್ಲಿ ಗೋಡೆಗಳಿಂದ ಮರಳಿ ಬರುವ ದನಿ ಸೇರಿ 7ರಷ್ಟು ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಚಿತ್ರಮಂದಿರಕ್ಕೆ ನಿಗದಿಯಾದ ಸದ್ದಿನ ಮಟ್ಟದಲ್ಲಿ, ಅಂದರೆ ರೆಫರೆನ್ಸ್ ಮಟ್ಟದಲ್ಲಿ, ಒಂದು ಮುಖ್ಯ ಚಾನೆಲ್‌ನ ಶಿಖರ 105 ಡೆಸಿಬೆಲ್. ಮನೆಯಲ್ಲಿ ಹೆಚ್ಚಿನವರು ಅದಕ್ಕಿಂತ 10 ಡೆಸಿಬೆಲ್ ಕೆಳಗೆ, ಅಂದರೆ 95ರ ಶಿಖರದಲ್ಲಿ ಕೇಳುತ್ತಾರೆ, ಅದೂ ಜೋರೇ. 95ರಿಂದ 87 ಕಳೆಯಿರಿ, 7 ಕೂಡಿಸಿ: 15 ಡೆಸಿಬೆಲ್. ಪ್ರತಿ 3 ಡೆಸಿಬೆಲ್‌ಗೆ ಶಕ್ತಿ ಇಮ್ಮಡಿ, ಪ್ರತಿ 10ಕ್ಕೆ ಹತ್ತುಪಟ್ಟು. 15 ಅಂದರೆ 32 ವಾಟ್. ಅಷ್ಟೇ.

ಈಗ ಸ್ಪೀಕರ್ ಬದಲಿಸಿ ನೋಡಿ. ಸೆನ್ಸಿಟಿವಿಟಿ 92 ಆಗಿದ್ದರೆ ಅದೇ ಸದ್ದಿಗೆ 10 ವಾಟ್ ಸಾಕು, 84 ಆಗಿದ್ದರೆ 63 ವಾಟ್ ಬೇಕು. ಅದೇ 87ರ ಸ್ಪೀಕರ್‌ನಲ್ಲಿ ಪೂರ್ಣ ರೆಫರೆನ್ಸ್ ಮಟ್ಟವೇ ಬೇಕೆಂದು ಹಟ ಹಿಡಿದರೆ 316 ವಾಟ್, ಅದು ಯಾವ ಸಾಧಾರಣ ರಿಸೀವರ್‌ನಲ್ಲೂ ಇಲ್ಲ. ಸ್ಪೀಕರ್ ಆಯ್ಕೆಯಿಂದ ಸಿಗುವ ಲಾಭ ದೊಡ್ಡದು, ರಿಸೀವರ್ ಒಂದು ಮೆಟ್ಟಿಲು ಏರಿಸಿದ್ದರಿಂದ ಸಿಗುವುದು ಚಿಕ್ಕದು.

ಇನ್ನು ಮಲ್ಟಿಮೀಟರ್ ದಾರಿ. ನಿಮಗೆ ಅತಿ ಜೋರು ಎನಿಸುವ ವಾಲ್ಯೂಮ್‌ನಲ್ಲಿ ಒಂದು ಸಿನಿಮಾದ ಅಬ್ಬರದ ದೃಶ್ಯ ಹಾಕಿ, ಆ ವಾಲ್ಯೂಮ್ ಅಂಕಿಯನ್ನು ಬರೆದಿಟ್ಟುಕೊಳ್ಳಿ. ರಿಸೀವರ್ ಆಫ್ ಮಾಡಿ, ಎಲ್ಲ ಸ್ಪೀಕರ್ ತಂತಿಗಳನ್ನು ಬಿಚ್ಚಿ, ಮತ್ತೆ ಆನ್ ಮಾಡಿ. ಪೂರ್ಣ ಡಿಜಿಟಲ್ ಮಟ್ಟಕ್ಕಿಂತ 12 ಡೆಸಿಬೆಲ್ ಕೆಳಗಿರುವ 220 ಹರ್ಟ್ಸ್‌ನ ಶುದ್ಧ ಸ್ವರವನ್ನು ಸ್ಟೀರಿಯೊ ಮೋಡ್‌ನಲ್ಲಿ ಹಾಕಿ, ಈಕ್ವಲೈಸರ್ ಬಂದ್ ಮಾಡಿ. 220 ಏಕೆಂದರೆ ಅದು ಸಬ್‌ವೂಫರ್‌ನ 80 ಹರ್ಟ್ಸ್ ಗಡಿಯಿಂದ ಸಾಕಷ್ಟು ಮೇಲಿದೆ. ಅಗ್ಗದ ಮೀಟರ್‌ಗಳು 400 ಹರ್ಟ್ಸ್ ದಾಟಿದರೆ ತಪ್ಪು ತೋರಿಸುತ್ತವೆ, ಅದರಿಂದ ಕೆಳಗೂ ಇದೆ. ವಾಲ್ಯೂಮ್ ಆ ಬರೆದಿಟ್ಟ ಅಂಕಿಗೆ ತಂದು, ಎಡ ಫ್ರಂಟ್ ಟರ್ಮಿನಲ್‌ನಲ್ಲಿ ಎಸಿ ವೋಲ್ಟೇಜ್ ಅಳೆಯಿರಿ. ಮೀಟರ್‌ನ ಕಡ್ಡಿಗಳು ಒಂದಕ್ಕೊಂದು ತಾಗದಂತೆ ಹಿಡಿಯಿರಿ.

ಮೀಟರ್ 3.2 ವೋಲ್ಟ್ ತೋರಿತು ಎನ್ನೋಣ. 12 ಡೆಸಿಬೆಲ್ ಎಂದರೆ ವೋಲ್ಟೇಜಿನಲ್ಲಿ ನಾಲ್ಕುಪಟ್ಟು, ಹಾಗಾಗಿ ಶಿಖರದಲ್ಲಿ 12.8 ವೋಲ್ಟ್. 12.8ರ ವರ್ಗವನ್ನು 8ರಿಂದ ಭಾಗಿಸಿದರೆ 20 ವಾಟ್ ಚಿಲ್ಲರೆ. ಈಕ್ವಲೈಸರ್ ಯಾವುದೋ ಆವರ್ತನವನ್ನು 3 ಡೆಸಿಬೆಲ್ ಎತ್ತಿದ್ದರೆ ಅಲ್ಲಿ ಇಮ್ಮಡಿ, 40 ವಾಟ್. ಈ ಪರೀಕ್ಷೆಯಲ್ಲಿ 25ರೊಳಗೆ ಬಂದವರು 90 ವಾಟಿನ ರಿಸೀವರ್ ಬಿಟ್ಟು 140ರದ್ದಕ್ಕೆ ಹೋಗುವ ಕಾರಣವೇ ಇಲ್ಲ.

ಪ್ರಶ್ನೆ: ನನ್ನ ಫ್ರಂಟ್ ಸ್ಪೀಕರ್‌ಗಳು 4 ಓಮ್. ರಿಸೀವರ್ ಮೆನುವಿನಲ್ಲಿ ಇಂಪೀಡೆನ್ಸ್ (ರೋಧ) ಸೆಟ್ಟಿಂಗ್ ಇದೆ. ಅದನ್ನು 4ಕ್ಕೆ ಇಳಿಸಬೇಕೇ?

ಉತ್ತರ: ಆ ಸೆಟ್ಟಿಂಗ್ ಸ್ಪೀಕರ್‌ಗೆ 'ಹೊಂದಿಸುವ' ಏರ್ಪಾಡಲ್ಲ. ಹೆಚ್ಚಿನ ಯಂತ್ರಗಳಲ್ಲಿ ಅದು ಆಂಪ್ಲಿಫೈಯರ್‌ಗೆ ಹೋಗುವ ವೋಲ್ಟೇಜನ್ನೇ ಇಳಿಸುತ್ತದೆ. ಬಿಸಿ ಕಡಿಮೆಯಾಗುತ್ತದೆ, ಜೊತೆಗೆ ಶುದ್ಧ ಶಕ್ತಿಯೂ ಕಡಿಮೆಯಾಗುತ್ತದೆ, ಶಿಖರಗಳು ಬೇಗ ಕತ್ತರಿಸುತ್ತವೆ.

4 ಓಮ್ ಏಕೆ ಕಷ್ಟ ಎಂದು ನೋಡಿ. 8 ಓಮ್‌ಗೆ 100 ವಾಟ್ ಎಂದರೆ 28.3 ವೋಲ್ಟ್, 3.5 ಆಂಪಿಯರ್. ಅದೇ 28.3 ವೋಲ್ಟ್ 4 ಓಮ್‌ಗೆ ಹೋದರೆ 7 ಆಂಪಿಯರ್, ಶಿಖರದಲ್ಲಿ 10. '8 ಓಮ್' ಎಂದು ಬರೆದ ಎಷ್ಟೋ ಸ್ಪೀಕರ್‌ಗಳು ಕೆಲವು ಆವರ್ತನದಲ್ಲಿ 4 ಓಮ್‌ಗೆ ಹತ್ತಿರ ಇಳಿಯುತ್ತವೆ, 4 ಓಮ್‌ನವು 3ಕ್ಕೆ ಇಳಿಯುತ್ತವೆ. ಈ ಕುಸಿತ ಬಹುಪಾಲು ಬಾಸ್ ಮತ್ತು ಕೆಳ ಮಧ್ಯಸ್ವರದಲ್ಲಿ ಬರುವುದರಿಂದ ಮದ್ದೂ ಅಲ್ಲೇ ಇದೆ: ದೊಡ್ಡ ಟವರ್ ಸ್ಪೀಕರ್ ಆದರೂ ಮೆನುವಿನಲ್ಲಿ 'ಸ್ಮಾಲ್' ಎಂದು ಆರಿಸಿ, ಕ್ರಾಸ್‌ಓವರ್ (ಬಾಸ್ ಸಬ್‌ವೂಫರ್‌ಗೆ ತಿರುಗುವ ಗಡಿ) 80 ಹರ್ಟ್ಸ್‌ಗೆ ಇಡಿ. ಅತಿ ಹೆಚ್ಚು ಕರೆಂಟ್ ತಿನ್ನುವ ಬಾಸ್ ಸಬ್‌ವೂಫರ್‌ನ ಸ್ವಂತ ಆಂಪ್ಲಿಫೈಯರ್‌ಗೆ ಹೋಗುತ್ತದೆ, ರಿಸೀವರ್ ಹಗುರಾಗುತ್ತದೆ. ಸ್ಮಾಲ್ ಎಂದರೆ ಸ್ಪೀಕರ್‌ಗೆ ಅವಮಾನವಲ್ಲ, ಅದು ಬರೀ ಫಿಲ್ಟರ್‌ನ ಹೆಸರು.

ಕೈಪಿಡಿ 4 ಓಮ್‌ಗೆ ಒಪ್ಪಿಗೆ ಕೊಟ್ಟಿದ್ದರೆ ಸೆಟ್ಟಿಂಗ್ ಮೂಲಸ್ಥಿತಿಯಲ್ಲೇ ಇರಲಿ, ಮೇಲೆ ಗಾಳಿಗೆ ಜಾಗ ಬಿಡಿ. ಆಗಲೂ ಜೋರು ದೃಶ್ಯದಲ್ಲಿ ಆರಿಹೋದರೆ ಹೊರಗಿನ ಪವರ್ ಆಂಪ್ಲಿಫೈಯರ್ ಯೋಚಿಸಿ. ಕೈಪಿಡಿ 4 ಓಮ್ ಬೇಡವೆಂದಿದ್ದರೆ ಆ ಮಾತು ಮೀರಬೇಡಿ. ಒಂದೇ ಟರ್ಮಿನಲ್‌ಗೆ 8 ಓಮ್‌ನ ಎರಡು ಸ್ಪೀಕರ್ ಸೇರಿಸಿದರೂ 4 ಓಮ್ ಆಗುತ್ತದೆ, ಅದೂ ನೆನಪಿರಲಿ.

ಪ್ರಶ್ನೆ: ಅಂಗಡಿಯಲ್ಲಿ ಮುಚ್ಚಳ ತೆಗೆದು ತೋರಿಸುವುದಿಲ್ಲ. ಒಳಗಿನ ಗುಣಮಟ್ಟವನ್ನು ಹೊರಗಿನಿಂದ ಹೇಗೆ ಗುರುತಿಸುವುದು?

ಉತ್ತರ: ಮೇಲಿನ ಜಾಲರಿಯ ಮೂಲಕ ಟಾರ್ಚ್ ಬಿಡಿ, ಬಹಳಷ್ಟು ಕಾಣುತ್ತದೆ. ಟ್ರಾನ್ಸ್‌ಫಾರ್ಮರ್, ಎರಡು ದಪ್ಪ ಕೆಪಾಸಿಟರ್, ಉದ್ದನೆಯ ಹೀಟ್‌ಸಿಂಕ್: ಈ ಮೂರನ್ನು ನೋಡಿ. ಟ್ರಾನ್ಸ್‌ಫಾರ್ಮರ್ ದುಂಡಗಿದ್ದರೆ ಮೇಲು, ಚೌಕವಾಗಿದ್ದರೆ ಕೀಳು ಎಂಬುದು ಪೂರ್ತಿ ನಿಜವಲ್ಲ. ದುಂಡನೆಯದು ಅದೇ ಸಾಮರ್ಥ್ಯಕ್ಕೆ ಹಗುರ, ಅದರ ಕಾಂತಕ್ಷೇತ್ರ ಹೊರಗೆ ಸೋರುವುದೂ ಕಡಿಮೆ. ಆದರೆ ಸಣ್ಣ ದುಂಡನೆಯದಕ್ಕಿಂತ ದೊಡ್ಡ ಚೌಕದ್ದೇ ಗಟ್ಟಿ. ಹೀಟ್‌ಸಿಂಕ್ ದಪ್ಪ ರೆಕ್ಕೆಗಳ ಅಚ್ಚಿನ ಅಲ್ಯೂಮಿನಿಯಂ ಆಗಿರಲಿ, ಮಡಚಿದ ತೆಳು ತಗಡು ಬೇಡ.

ಕೆಪಾಸಿಟರ್ ಮೇಲಿನ ಅಂಕಿ ಓದಲು ಸಿಕ್ಕರೆ ಅದೇ ಒಳ್ಳೆಯ ಸುಳಿವು. ಈ ವರ್ಗದಲ್ಲಿ 10,000ದಿಂದ 15,000 ಮೈಕ್ರೋಫ್ಯಾರಡ್ ಇರುವುದು ಸಾಮಾನ್ಯ. ಅದು ಮಾಡುವ ಕೆಲಸ ಇಷ್ಟು: ಗೋಡೆಯ ಕರೆಂಟ್ ಕೆಪಾಸಿಟರನ್ನು ಸೆಕೆಂಡಿಗೆ 100 ಅಥವಾ 120 ಸಲ ತುಂಬುತ್ತದೆ, ಅಂದರೆ 8–10 ಮಿಲಿಸೆಕೆಂಡಿಗೊಮ್ಮೆ. ನಡುವಿನ ಹೊತ್ತಿನಲ್ಲಿ ಸ್ಪೀಕರ್ ಉಣ್ಣುವುದು ಕೆಪಾಸಿಟರ್‌ನಲ್ಲಿದ್ದದ್ದನ್ನೇ. 12,000 ಮೈಕ್ರೋಫ್ಯಾರಡ್‌ನಿಂದ 10 ಮಿಲಿಸೆಕೆಂಡ್ ಕಾಲ 5 ಆಂಪಿಯರ್ ಎಳೆದರೆ ವೋಲ್ಟೇಜ್ 4 ವೋಲ್ಟ್‌ನಷ್ಟು ಬೀಳುತ್ತದೆ. ಒಂದು ಚಾನೆಲ್ ಆದರೆ ತಡೆದುಕೊಳ್ಳಬಹುದು. ಮೂರು ಫ್ರಂಟ್ ಚಾನೆಲ್ ಒಟ್ಟಿಗೆ ಎಳೆದರೆ 12 ವೋಲ್ಟ್ ದಾಟುತ್ತದೆ, 50 ವೋಲ್ಟ್ ಸಪ್ಲೈ 38ಕ್ಕೆ ಕುಸಿದು ಶಿಖರದ ತಲೆ ಹಾರುತ್ತದೆ. 'ಒಂದು ಚಾನೆಲ್' ಅಂಕಿ ಏಕೆ ಅಷ್ಟು ಚೆಂದ ಕಾಣುತ್ತದೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ.

ತೂಕದ ಲೆಕ್ಕ ಕ್ಲಾಸ್ ಎಬಿ ಯಂತ್ರಗಳಿಗೆ ಮಾತ್ರ. ಟ್ರಾನ್ಸಿಸ್ಟರ್‌ಗಳನ್ನು ಅತಿವೇಗದಲ್ಲಿ ಆನ್-ಆಫ್ ಮಾಡುವ ಕ್ಲಾಸ್ ಡಿ ಆಂಪ್ಲಿಫೈಯರ್‌ಗೆ ಸ್ವಿಚಿಂಗ್ ಪವರ್ ಸಪ್ಲೈ ಜೊತೆಯಾದರೆ ಹಗುರವಾಗಿದ್ದೂ ಬಲಶಾಲಿ ಆಗಬಹುದು, ಅದು ಪಡೆದದ್ದರಲ್ಲಿ ಶೇ 85–90 ಭಾಗವನ್ನು ಸ್ಪೀಕರ್‌ಗೆ ಕೊಡುತ್ತದೆ.

ಮುಂಭಾಗದ ದಪ್ಪ ಅಲ್ಯೂಮಿನಿಯಂ ಫಲಕ, ಚಿನ್ನದ ಲೇಪದ ಟರ್ಮಿನಲ್ ನೋಡಿ ಮರುಳಾಗಬೇಡಿ. ರಿಸೀವರ್ ಸಾಯುವುದು ಹೆಚ್ಚಾಗಿ ಬಿಸಿಯಿಂದ. ಮೊದಲು ಕೈಕೊಡುವುದು ಆಂಪ್ಲಿಫೈಯರ್‌ಗಿಂತ ಎಚ್‌ಡಿಎಂಐ ಇರುವ ಡಿಜಿಟಲ್ ಬೋರ್ಡ್. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಆಯಸ್ಸು 10 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಸುಮಾರು ಅರ್ಧಕ್ಕಿಳಿಯುತ್ತದೆ, 10 ಡಿಗ್ರಿ ಇಳಿದರೆ ಇಮ್ಮಡಿಯಾಗುತ್ತದೆ. ಆದ್ದರಿಂದ ಮೇಲೆ ಕನಿಷ್ಠ 10–15 ಸೆಂಟಿಮೀಟರ್ ಖಾಲಿ ಬಿಡಿ, ಸೆಟ್‌ಟಾಪ್ ಬಾಕ್ಸ್ ಹೇರಬೇಡಿ. ಕಪಾಟಿನೊಳಗೆ ಇಡಲೇಬೇಕಾದರೆ 12 ವೋಲ್ಟ್‌ನ 120 ಮಿಲಿಮೀಟರ್ ಫ್ಯಾನನ್ನು 7 ವೋಲ್ಟ್‌ನಲ್ಲಿ ಓಡಿಸಿ. ಸದ್ದಿಲ್ಲದೆ ತಿರುಗುತ್ತದೆ, ಬಿಸಿಗಾಳಿಯನ್ನು ಮೇಲಕ್ಕೆ ಎಳೆದು ಹಾಕುವ ಹಾಗೆ ಕೂರಿಸಿ. ಅಷ್ಟರಿಂದಲೇ ಯಂತ್ರ ವರ್ಷಗಟ್ಟಲೆ ಹೆಚ್ಚು ಬಾಳುತ್ತದೆ.

ಪ್ರಶ್ನೆ: ಖಾಲಿ ಉಳಿದ ಎರಡು ಚಾನೆಲ್‌ಗಳನ್ನು ಬೈ-ಆಂಪ್ ಮಾಡಿ ಫ್ರಂಟ್ ಸ್ಪೀಕರ್‌ಗೆ ಕೊಟ್ಟರೆ ಶಕ್ತಿ ಇಮ್ಮಡಿಯಾಗುತ್ತದೆಯೇ?

ಉತ್ತರ: ಇಲ್ಲ. ಬೈ-ಆಂಪ್ ಎಂದರೆ ಒಂದೇ ಸ್ಪೀಕರ್‌ನ ಬಾಸ್ ಭಾಗಕ್ಕೊಂದು, ಮೇಲಿನ ಸ್ವರದ ಭಾಗಕ್ಕೊಂದು ಚಾನೆಲ್ ಕೊಡುವುದು. ಎರಡೂ ಚಾನೆಲ್‌ಗೆ ಪೂರ್ಣ ತರಂಗವೇ ಹೋಗುತ್ತದೆ, ಎರಡಕ್ಕೂ ಅದೇ ಪವರ್ ಸಪ್ಲೈ, ಮೇಲ್ಮಿತಿಯಾದ ವೋಲ್ಟೇಜೂ ಅದೇ. ತಂತಿ ಖರ್ಚು ಮಾತ್ರ ಹೆಚ್ಚು. ಆ ದುಡ್ಡಿಗೆ 2.5 ಚದರ ಮಿಲಿಮೀಟರಿನ ಅಪ್ಪಟ ತಾಮ್ರದ ತಂತಿ ಒಂದೇ ಜೊತೆ ಹಾಕಿ. 10 ಮೀಟರ್ ದೂರಕ್ಕೆ ಹೋಗಿಬರುವ ರೋಧ 0.14 ಓಮ್, 4 ಓಮ್ ಸ್ಪೀಕರ್‌ಗೂ ಅಡ್ಡಿಯಿಲ್ಲ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯಲ್ಲಿ ರೋಧ ಸುಮಾರು ಒಂದೂವರೆ ಪಟ್ಟು.

ಪ್ರಶ್ನೆ: ಮುಂದಿನ ಮೂರು ಸ್ಪೀಕರ್‌ಗೆ ಬೇರೆ ಪವರ್ ಆಂಪ್ಲಿಫೈಯರ್ ಹಾಕಬೇಕೆಂದಿದ್ದೇನೆ. ಏನೇನು ನೋಡಿಕೊಳ್ಳಬೇಕು?

ಉತ್ತರ: ಮೊದಲು ರಿಸೀವರ್‌ಗೆ ಪ್ರಿ-ಔಟ್ (ಹೊರಗಿನ ಆಂಪ್ಲಿಫೈಯರ್‌ಗೆ ಸಂಕೇತ ಕೊಡುವ ಕಿಂಡಿ) ಇದೆಯೇ ನೋಡಿ. ಎಷ್ಟೋ ಯಂತ್ರಗಳಲ್ಲಿ ಸಬ್‌ವೂಫರ್‌ಗೆ ಮಾತ್ರ ಇರುತ್ತದೆ. ಆಮೇಲೆ ಗೇನ್, ಅಂದರೆ ಆಂಪ್ಲಿಫೈಯರ್ ವೋಲ್ಟೇಜನ್ನು ಎಷ್ಟು ಪಟ್ಟು ಮಾಡುತ್ತದೆ ಎಂಬುದು. 29 ಡೆಸಿಬೆಲ್ ಗೇನ್ ಇರುವ ಆಂಪ್ಲಿಫೈಯರ್ 1 ವೋಲ್ಟ್ ಪಡೆದು 28 ವೋಲ್ಟ್ ಕೊಡುತ್ತದೆ, ಅಂದರೆ 8 ಓಮ್‌ಗೆ 100 ವಾಟ್. 26 ಡೆಸಿಬೆಲ್ ಗೇನ್‌ನದಕ್ಕೆ ಅಷ್ಟೇ ಶಕ್ತಿಗೆ 1.4 ವೋಲ್ಟ್ ಬೇಕು. ರಿಸೀವರ್‌ನ ಪ್ರಿ-ಔಟ್ 1.2 ವೋಲ್ಟ್‌ಗೇ ವಿರೂಪಗೊಳ್ಳುವಂತಿದ್ದರೆ ನೀವು ಕೊಂಡ ದೊಡ್ಡ ಆಂಪ್ಲಿಫೈಯರ್ ಪೂರ್ತಿ ತೆರೆದುಕೊಳ್ಳುವುದೇ ಇಲ್ಲ. ಮೆನುವಿನಲ್ಲಿ ಆ ಚಾನೆಲ್‌ಗಳ ಒಳ ಆಂಪ್ಲಿಫೈಯರ್ ಬಿಡಿಸುವ ಪ್ರಿ-ಆಂಪ್ ಮೋಡ್ ಇದ್ದರೆ ಅದನ್ನು ಆನ್ ಮಾಡಿ. ಜೋಡಣೆ ಮುಗಿದ ಮೇಲೆ ಮೈಕ್ ಇಟ್ಟು ಸ್ಪೀಕರ್‌ಗಳ ಮಟ್ಟ ಹೊಂದಿಸುವ ಕ್ಯಾಲಿಬ್ರೇಶನ್ ಮತ್ತೆ ಮಾಡಲೇಬೇಕು, ಇಲ್ಲವಾದರೆ ಮುಂದಿನ ಮೂರು ಸ್ಪೀಕರ್‌ಗಳು ಹಿಂದಿನವನ್ನು ನುಂಗಿಬಿಡುತ್ತವೆ.

ಗುಂಯ್‌ಗುಡುವಿಕೆ ಬಂದರೆ ಅದು ಬಹುತೇಕ ಗ್ರೌಂಡ್ ಲೂಪ್, ಅಂದರೆ ಎರಡು ಕಡೆ ಅರ್ಥ್ ಆಗಿ ತಂತಿಗಳಲ್ಲಿ ಕರೆಂಟ್ ಸುತ್ತುವುದು. ಕೇಬಲ್ ಟಿವಿ ಅಥವಾ ಆಂಟೆನಾ ತಂತಿಯನ್ನು ಒಮ್ಮೆ ಕಿತ್ತು ನೋಡಿ, ಸದ್ದು ನಿಂತರೆ ಅಲ್ಲಿಗೆ ಐಸೊಲೇಟರ್ ಹಾಕಿ. ಪ್ಲಗ್‌ನ ಅರ್ಥ್ ಪಿನ್ ಕತ್ತರಿಸುವ ಉಪಾಯವನ್ನು ಯಾರೇ ಹೇಳಿದರೂ ಮಾಡಬೇಡಿ. ಅದು ಜೀವ ಉಳಿಸುವ ತಂತಿ. ಇನ್ನೊಂದು ಮಾತು: 100 ವಾಟ್‌ನಿಂದ 200ಕ್ಕೆ ಹೋದರೆ ಸಿಗುವುದು 3 ಡೆಸಿಬೆಲ್ ಮಾತ್ರ. ಸದ್ದು ಇಮ್ಮಡಿ ಎನಿಸಬೇಕಾದರೆ 10 ಡೆಸಿಬೆಲ್ ಬೇಕು.

ಪ್ರಶ್ನೆ: ಎಂಟು ವರ್ಷದ ರಿಸೀವರ್. ಬಲ ಚಾನೆಲ್ ಕಡಿಮೆ ವಾಲ್ಯೂಮ್‌ನಲ್ಲಿ ಮಾಯವಾಗುತ್ತದೆ, ಜೋರು ಮಾಡಿದರೆ ಪಟಪಟ ಎಂದು ಮರಳಿ ಬರುತ್ತದೆ. ಆಂಪ್ಲಿಫೈಯರ್ ಹೋಗಿದೆಯೇ?

ಉತ್ತರ: ಬಹುಮಟ್ಟಿಗೆ ಇಲ್ಲ, ಇದು ಸ್ಪೀಕರ್‌ಗೆ ಸಂಪರ್ಕ ಕೊಡುವ ಸ್ವಿಚ್‌ನ, ಅಂದರೆ ಸ್ಪೀಕರ್ ರಿಲೇಯ ಲಕ್ಷಣ. ಆನ್ ಮಾಡಿದ ಕೆಲವು ಸೆಕೆಂಡಿಗೆ 'ಟಕ್' ಎನ್ನುವುದು ಅದೇ. ಅದರ ಸಂಪರ್ಕಬಿಂದುಗಳ ಮೇಲೆ ಕರಿಯ ಪೊರೆ ಕಟ್ಟಿದಾಗ ಸಣ್ಣ ಸಂಕೇತ ಅದನ್ನು ದಾಟುವುದಿಲ್ಲ, ದೊಡ್ಡದು ಭೇದಿಸಿಕೊಂಡು ಹೋಗುತ್ತದೆ. ಖಾತ್ರಿಗೆ ಮೊದಲು ಎಡ–ಬಲ ಸ್ಪೀಕರ್ ತಂತಿ ಅದಲುಬದಲು ಮಾಡಿ. ತೊಂದರೆ ಬಲ ಟರ್ಮಿನಲ್‌ನಲ್ಲೇ ಉಳಿದರೆ ರಿಲೇ ಬದಲಿಸಬೇಕು: ಅದೇ ಕಾಯಿಲ್ ವೋಲ್ಟೇಜ್, ಅದೇ ಆಂಪಿಯರ್, ಅದೇ ಪಿನ್ ಜೋಡಣೆ. ಸಂಪರ್ಕಬಿಂದುವನ್ನು ಮರಳುಕಾಗದದಿಂದ ಉಜ್ಜಿದರೆ ಲೇಪ ಹೋಗಿ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಪಾಡು. ಬೆಸುಗೆ ಕೆಲಸ ಬಲ್ಲವರಿಗಷ್ಟೇ ಇದು. ಪ್ಲಗ್ ತೆಗೆದ ಮೇಲೂ ಆ ದಪ್ಪ ಕೆಪಾಸಿಟರ್‌ಗಳಲ್ಲಿ 50–60 ವೋಲ್ಟ್ ನಿಂತಿರಬಹುದು. 220 ಓಮ್, 10 ವಾಟ್ ರೆಸಿಸ್ಟರನ್ನು ಪ್ರತಿಯೊಂದಕ್ಕೂ 15 ಸೆಕೆಂಡ್ ಹಿಡಿದು, ಮೀಟರಿನಲ್ಲಿ 1 ವೋಲ್ಟ್‌ಗಿಂತ ಕೆಳಗೆ ಬಂದದ್ದನ್ನು ನೋಡಿ ಮುಂದುವರಿಯಿರಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಬೇಡಿ.

ಪ್ರಶ್ನೆ: ಆನ್ ಮಾಡಿದೊಡನೆ ಆರಿ, ಕೆಂಪು ದೀಪ ಮಿಣುಕುತ್ತದೆ. ಏನು ಮಾಡಲಿ?

ಉತ್ತರ: ಅದು ಪ್ರೊಟೆಕ್ಷನ್, ಅಂದರೆ ಅಪಾಯ ಕಂಡು ಯಂತ್ರ ತಾನೇ ಆರುವ ರಕ್ಷಣೆ. ಪ್ಲಗ್ ತೆಗೆದು ಎಲ್ಲ ಸ್ಪೀಕರ್ ತಂತಿ ಬಿಚ್ಚಿ, ಮತ್ತೆ ಆನ್ ಮಾಡಿ. ಈಗ ಆರದೆ ಉಳಿದರೆ ತಪ್ಪು ಹೊರಗಿದೆ. ಪ್ರತಿ ಸಲವೂ ಆಫ್ ಮಾಡಿ, ಒಂದೊಂದೇ ಸ್ಪೀಕರ್ ಸೇರಿಸುತ್ತ ಬನ್ನಿ. ಹೆಚ್ಚಾಗಿ ಸಿಕ್ಕಿಬೀಳುವುದು ಕೆಂಪು ಟರ್ಮಿನಲ್‌ನಿಂದ ಹೊರಚಾಚಿ ಕಪ್ಪನ್ನು ಮುಟ್ಟುವ ಕೂದಲೆಳೆಯಂಥ ತಾಮ್ರದ ಎಳೆ. ಬಿಚ್ಚಿದ ತಂತಿಯ ತುದಿಯಲ್ಲಿ ಮೀಟರ್ ಇಟ್ಟರೆ 8 ಓಮ್ ಸ್ಪೀಕರ್ 5.5ರಿಂದ 7 ಓಮ್ ತೋರಬೇಕು. ಸೊನ್ನೆಗೆ ಹತ್ತಿರ ಬಂದರೆ ತಂತಿ ಎಲ್ಲೋ ಶಾರ್ಟ್ ಆಗಿದೆ.

ತಂತಿಯೇ ಇಲ್ಲದಿದ್ದಾಗಲೂ ಆರಿದರೆ ತಪ್ಪು ಒಳಗಿದೆ, ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟಿರುವ ಸಂಭವ ಹೆಚ್ಚು. ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ, ಫ್ಯೂಸ್ ಹೋಗಿದ್ದರೆ ದೊಡ್ಡ ಫ್ಯೂಸ್ ಹಾಕಲೇಬೇಡಿ. ರಿಪೇರಿ ಮಾಡುವವರು ಟ್ರಾನ್ಸಿಸ್ಟರ್ ಬದಲಿಸಿದ ಮೇಲೆ ನೇರವಾಗಿ ಪ್ಲಗ್‌ಗೆ ಹಾಕದೆ, 100 ವಾಟ್‌ನ ಹಳೇ ಕಾಲದ ತಂತು ಬಲ್ಬನ್ನು ಸರಣಿಯಲ್ಲಿ ಜೋಡಿಸಿ ಆನ್ ಮಾಡುತ್ತಾರೆಯೇ ಎಂದು ಕೇಳಿ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಯಂತ್ರ ಸರಿಯಿದೆ. ಬೆಳಗಿದ್ದು ಹಾಗೇ ಉರಿಯುತ್ತಿದ್ದರೆ ಒಳಗಿನ ಶಾರ್ಟ್ ಇನ್ನೂ ಹೋಗಿಲ್ಲ, ಆದರೆ ಹೊಸ ಟ್ರಾನ್ಸಿಸ್ಟರ್‌ಗಳು ಉಳಿದಿರುತ್ತವೆ.